ಶುಕ್ರವಾರ ಸಂಜೆ ಗಂಟೆ ಒತ್ತದ ಬಾಣಂತಿ: ಎರಡು ದಿನಗಳ ತರಗತಿಯೊಂದರ ವಿಮರ್ಶೆ

ವಿದೇಶದ ಆಸ್ಪತ್ರೆಗಳಿಗೆ ಹೋಗಲು ಸಿದ್ಧರಾಗುತ್ತಿರುವ ನರ್ಸ್‌ಗಳಿಗಾಗಿ ಕಲಬುರಗಿಯ ತರಬೇತಿ ಕೇಂದ್ರವೊಂದು ನಡೆಸುವ ಎರಡು ದಿನಗಳ ತರಗತಿಯಲ್ಲಿ ಕಳೆದ ಏಪ್ರಿಲ್‌ನಲ್ಲಿ ನನ್ನ ಅಣ್ಣನ ಮಗಳ ಜೊತೆ ನಾನೂ ಕುಳಿತು ಬಂದೆ. ಧರ್ಮಾಚರಣೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಯಹೂದಿ ಗರ್ಭಿಣಿಯರ ಮತ್ತು ಬಾಣಂತಿಯರ ಆರೈಕೆ ತರಗತಿಯ ವಿಷಯ. ಶುಲ್ಕ ತಲಾ 2,800 ರೂಪಾಯಿ; ಎರಡು ಊಟ, ನಾಲ್ಕು ಸಲ ಚಹಾ, 32 ಪುಟಗಳ ಒಂದು ಕೈಪಿಡಿ ಮತ್ತು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಾದ ಒಂದು ಪ್ರಮಾಣಪತ್ರ ಅದರಲ್ಲೇ ಸೇರಿವೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ದೂರನ್ನು ಅವರೆದುರಿಗೇ ಹೇಳಿದ್ದೇನೆ, ಮತ್ತು ಇಂಥ ತರಗತಿಗೆ ಸೇರಬೇಕೆಂದಿರುವವರಿಗೆ ಹೆಸರಿಗಿಂತ ಒಳಗೆ ಏನು ಕಲಿಸುತ್ತಾರೆ ಎಂಬುದು ಮುಖ್ಯ.

ಕಲಬುರಗಿಯಲ್ಲಿ ಇಂಥ ತರಗತಿ ಏತಕ್ಕೆ ಎಂದು ಮೊದಲು ನಾನೂ ಕೇಳಿದ್ದೆ. ಸರಕಾರಿ ಹೆರಿಗೆ ವಾರ್ಡುಗಳಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದ ನಾನು ಲಿಂಗಾಯತ, ಮುಸ್ಲಿಂ, ಕಬ್ಬಲಿಗ, ಲಂಬಾಣಿ, ಜೈನ, ಕ್ರೈಸ್ತ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದ್ದೇನೆಯೇ ಹೊರತು ಒಬ್ಬ ಯಹೂದಿ ಹೆಣ್ಣುಮಗಳನ್ನೂ ಕಂಡವಳಲ್ಲ. ಆದರೆ ನಮ್ಮ ಹುಡುಗಿಯರು ಈಗ ಹೋಗುವುದು ಲಂಡನ್ನಿಗೆ. ಅಲ್ಲಿನ ಹ್ಯಾಕ್ನಿ ಭಾಗದ ಸ್ಟ್ಯಾಮ್‌ಫರ್ಡ್ ಹಿಲ್ ಎಂಬಲ್ಲಿ ಯಹೂದಿಗಳಲ್ಲೇ ಕಟ್ಟಾ ಸಂಪ್ರದಾಯದವರಾದ ಹಸಿದಿಗಳ ಯುರೋಪಿನ ಅತಿ ದೊಡ್ಡ ಸಮುದಾಯ ನೆಲೆಸಿದೆ. ಸಮೀಪದ ಹೋಮರ್ಟನ್ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಆ ಸಮುದಾಯದ ಹೆಂಗಸರು ನಿತ್ಯ ಬರುತ್ತಾರೆ. ಮ್ಯಾಂಚೆಸ್ಟರಿನ ಉತ್ತರ ಭಾಗದಲ್ಲೂ, ಗೇಟ್ಸ್‌ಹೆಡ್ ಎಂಬ ಊರಿನಲ್ಲೂ ಇಂಥವೇ ದೊಡ್ಡ ಸಮುದಾಯಗಳಿವೆ. ಚಿತ್ತಾಪುರದಲ್ಲಿ ಹುಟ್ಟಿ ಕಲಬುರಗಿಯಲ್ಲಿ ನರ್ಸಿಂಗ್ ಓದಿದ ಹುಡುಗಿ ಅಂಥ ವಾರ್ಡಿನ ರಾತ್ರಿ ಪಾಳಿಗೆ ಹೋಗಿ ನಿಂತಾಗ ಅವಳಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆ ಹುಸಿಯಲ್ಲ.

ತರಗತಿ ನಡೆದದ್ದು ಸ್ಟೇಷನ್ ರಸ್ತೆಯ ಸಮೀಪದ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಹತ್ತೊಂಬತ್ತು ನರ್ಸ್‌ಗಳ ನಡುವೆ. ಏಪ್ರಿಲ್ ತಿಂಗಳ ಕಲಬುರಗಿ ಎಂದರೆ ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಒಳಗಿದ್ದ ಎರಡು ಕೂಲರುಗಳಲ್ಲಿ ಒಂದು ನೀರು ಹಾಕಿದರೂ ತಂಪು ಗಾಳಿ ಬೀಸುತ್ತಿರಲಿಲ್ಲ. ಮಧ್ಯಾಹ್ನದ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಚೆನ್ನಾಗಿದ್ದವು. ಅನುಕೂಲಗಳ ಬಗ್ಗೆ ಇಷ್ಟು ಸಾಕು.

ಪಾಠ ಹೇಳಿದವರು ಇಬ್ಬರು. ಒಬ್ಬರು ಬೀದರ್ ಕಡೆಯವರು, ಲಂಡನ್ನಿನ ಆಸ್ಪತ್ರೆಯೊಂದರ ಬಾಣಂತಿಯರ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದು, ತಾಯಿಯ ಅನಾರೋಗ್ಯಕ್ಕೆಂದು ಮರಳಿ ಬಂದವರು. ಕನ್ನಡದಲ್ಲಿ ಆರಂಭಿಸಿದ ವಾಕ್ಯವನ್ನು ದಖನಿಯಲ್ಲಿ ಮುಗಿಸುತ್ತಾರೆ, ಆದರೆ ಒಂದು ಮಾತೂ ವ್ಯರ್ಥವಾಗುವುದಿಲ್ಲ. ಇನ್ನೊಬ್ಬರು ಕೇಂದ್ರದ ಯುವ ಶಿಕ್ಷಕರು. ಕೈಪಿಡಿಯಲ್ಲಿ ಇದ್ದದ್ದನ್ನು ಪರದೆಯ ಮೇಲೆ ತೋರಿಸಿ, ಪರದೆಯ ಮೇಲೆ ಇದ್ದದ್ದನ್ನು ಓದಿ ಹೇಳಿದರು. ತರಗತಿಯ ಗುಣದೋಷಗಳೆರಡೂ ಈ ಇಬ್ಬರ ನಡುವಿನ ಅಂತರದಲ್ಲೇ ಇವೆ.

ಮೊದಲ ದಿನದ ಬೆಳಗಿನ ಅವಧಿ ಸಬ್ಬತ್ತಿನ ಕುರಿತಾಗಿತ್ತು. ಕೊಟ್ಟ ಹಣಕ್ಕೆ ತಕ್ಕದ್ದು ಆ ಮೂರು ಗಂಟೆಗಳಲ್ಲೇ ಸಿಕ್ಕಿತು. ಶುಕ್ರವಾರದ ಸೂರ್ಯಾಸ್ತಕ್ಕೆ ಮೊದಲೇ ಆರಂಭವಾಗಿ ಶನಿವಾರ ರಾತ್ರಿ ನಕ್ಷತ್ರಗಳು ಕಾಣಿಸಿಕೊಳ್ಳುವವರೆಗೆ ನಡೆಯುವ ಈ ವಿಶ್ರಾಂತಿಯ ದಿನದಲ್ಲಿ 39 ಬಗೆಯ ಕೆಲಸಗಳು ನಿಷಿದ್ಧ. ಬೆಂಕಿ ಹೊತ್ತಿಸುವುದು, ಅಡುಗೆ ಮಾಡುವುದು, ಬರೆಯುವುದು ಅವುಗಳಲ್ಲಿ ಸೇರಿವೆ. ವಿದ್ಯುತ್ ಗುಂಡಿಯನ್ನು ಒತ್ತುವುದೂ ನಿಷಿದ್ಧವೆಂದೇ ಆಚಾರವಂತರು ನಡೆದುಕೊಳ್ಳುತ್ತಾರೆ. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಬೀದರಿನ ಶಿಕ್ಷಕಿ ಅಲ್ಲಿಂದ ನೇರವಾಗಿ ಮಂಚದ ಬಳಿಗೆ ಬಂದರು. ಬಾಣಂತಿಯ ತಲೆದಿಂಬಿನ ಪಕ್ಕದಲ್ಲಿರುವ, ನರ್ಸನ್ನು ಕರೆಯುವ ಗಂಟೆ ವಿದ್ಯುತ್ತಿನದು. ಮಂಚವನ್ನು ಏರಿಸಿ ಇಳಿಸುವ ಗುಂಡಿಯೂ ವಿದ್ಯುತ್ತಿನದು. ಶೌಚಾಲಯದ ಬಾಗಿಲು ತೆರೆದರೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗಿರುವಾಗ ಶುಕ್ರವಾರ ರಾತ್ರಿ ಒಂದು ಕೋಣೆಯಿಂದ ಗಂಟೆಯ ಸದ್ದು ಬರಲಿಲ್ಲವೆಂದರೆ ಆ ಬಾಣಂತಿಗೆ ನೋವಿಲ್ಲ, ಅವಳು ನೆಮ್ಮದಿಯಾಗಿ ಮಲಗಿದ್ದಾಳೆ ಎಂದು ಅರ್ಥಮಾಡಿಕೊಳ್ಳುವ ನರ್ಸ್ ದೊಡ್ಡ ತಪ್ಪು ಮಾಡುತ್ತಾಳೆ. ಹೊಲಿಗೆಯ ನೋವಿನಲ್ಲಿ, ಮಗುವನ್ನು ಎತ್ತಿಕೊಳ್ಳಲಾಗದೆ, ಯಾರಾದರೂ ಬಾಗಿಲ ಮುಂದೆ ಹಾದುಹೋಗಲಿ ಎಂದು ಅವಳು ಕಾಯುತ್ತಿರಬಹುದು. ಕರೆಯದೆಯೇ ಗಂಟೆಗೊಮ್ಮೆ ಹೋಗಿ ನೋಡಬೇಕು. ಮಂಚ ಎಷ್ಟು ಎತ್ತರವಿರಬೇಕು, ಯಾವ ದೀಪ ರಾತ್ರಿಯಿಡೀ ಉರಿಯಬೇಕು ಎಂಬುದನ್ನು ಹೊತ್ತು ಮುಳುಗುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಸಹಿ ಬೇಕಾದ ಕಾಗದಗಳನ್ನು ಶುಕ್ರವಾರ ಮಧ್ಯಾಹ್ನವೇ ಮುಗಿಸಬೇಕು. ಯಹೂದಿಯಲ್ಲದವರಿಗೆ ದೀಪ ಹಾಕು ಎಂದು ನೇರವಾಗಿ ಹೇಳದೆ, ಕೋಣೆ ಬಹಳ ಕತ್ತಲಾಗಿದೆ ಎಂದಷ್ಟೇ ಹೇಳಿ ಸುಮ್ಮನಾಗುವವರೂ ಇರುತ್ತಾರೆ. ಅದು ಹವಾಮಾನದ ಮಾತಲ್ಲ, ಕೋರಿಕೆ.

ಹೊತ್ತು ಮುಳುಗುವುದು ಎಂದರೆ ಎಷ್ಟು ಗಂಟೆಗೆ ಎಂಬುದೂ ನಮ್ಮವರಿಗೆ ತಿಳಿದಿರಲಿಲ್ಲ. ಕಲಬುರಗಿಯಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಸೂರ್ಯಾಸ್ತದಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸಿನ ವ್ಯತ್ಯಾಸ. ಶುಕ್ರವಾರ ಸಂಜೆ ಎಂದರೆ ನಮ್ಮ ಮನಸ್ಸಿಗೆ ಬರುವುದು ದೀಪ ಹಚ್ಚುವ ಹೊತ್ತು, ಆರು ಆರೂವರೆ. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ಮಧ್ಯಾಹ್ನ ನಾಲ್ಕಕ್ಕೂ ಮೊದಲೇ ಮುಳುಗುತ್ತಾನೆ, ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರ ಮುಳುಗುತ್ತಾನೆ. ಹಾಗಾಗಿ ಒಂದೇ ಸಬ್ಬತ್ತು ಚಳಿಗಾಲದಲ್ಲಿ ಹಗಲು ಪಾಳಿಯವರ ಕೈಯಲ್ಲಿ ಆರಂಭವಾಗುತ್ತದೆ, ಬೇಸಿಗೆಯಲ್ಲಿ ರಾತ್ರಿ ಪಾಳಿಯವರ ಕೈಯಲ್ಲಿ. ಶಿಕ್ಷಕಿ ಆ ವಾರದ ಸಮಯವನ್ನು ಡ್ಯೂಟಿ ಪಟ್ಟಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದರಂತೆ. ಮೇಣದ ಬತ್ತಿಯ ವಿಷಯವೂ ಬಂತು: ಸಬ್ಬತ್ತಿಗೆ ಮುನ್ನ ದೀಪ ಹಚ್ಚುವುದು ಮನೆಯ ಹೆಣ್ಣಿನ ಕರ್ತವ್ಯ, ಆದರೆ ಆಮ್ಲಜನಕದ ಕೊಳವೆಗಳಿರುವ ವಾರ್ಡಿನಲ್ಲಿ ಉರಿಯುವ ಬತ್ತಿ ಸಲ್ಲದು, ಅದಕ್ಕಾಗಿ ಬ್ಯಾಟರಿಯ ದೀಪಗಳನ್ನು ಇಟ್ಟುಕೊಂಡಿರುತ್ತಾರೆ.

ಈ ನಡುವೆ ಶಿಕ್ಷಕಿ ಹೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲೆಸಿದ್ದ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ತೆಗೆಯುವ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅಕ್ಕಪಕ್ಕದ ಮರಾಠಿಗರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಕುಸುಬೆ ಎಣ್ಣೆಯ ಗಾಣದ ವಾಸನೆಯಲ್ಲಿ ಬೆಳೆದ ನಮ್ಮ ಹುಡುಗಿಯರಿಗೆ ಈ ಒಂದು ಹೆಸರು ಹತ್ತು ಚಿತ್ರಗಳಿಗಿಂತ ಹೆಚ್ಚು ಹೇಳಿತು. ಕೈಪಿಡಿಯಲ್ಲಿ ಇದು ಇಲ್ಲ; ಇರಬೇಕಿತ್ತು.

ನಿಯಮಗಳ ಪಟ್ಟಿ ಕೇಳಿದವರಿಗೆ ಇಂಥ ಧರ್ಮದಲ್ಲಿ ತಾಯಿಯ ಜೀವಕ್ಕೆ ಎಷ್ಟು ಬೆಲೆಯಿದೆಯೋ ಎಂಬ ಸಂಶಯ ಬರುವುದು ಸಹಜ, ಮತ್ತು ಜೇವರ್ಗಿಯ ಒಬ್ಬ ಹುಡುಗಿ ಅದನ್ನು ಕೇಳಿಯೂ ಬಿಟ್ಟಳು: "ಮತ್ತ ಬ್ಯಾನಿ ಶನಿವಾರನ ಬಂದ್ರ ಏನ್ ಮಾಡ್ತಾರ್ರೀ ಮೇಡಂ?" ಉತ್ತರ ಸ್ಪಷ್ಟವಾಗಿತ್ತು. ಜೀವ ಉಳಿಸುವ ಕೆಲಸದ ಮುಂದೆ ಸಬ್ಬತ್ತಿನ ನಿಷೇಧಗಳು ನಿಲ್ಲುವುದಿಲ್ಲ. ಹೆರುತ್ತಿರುವ ಹೆಣ್ಣನ್ನು ಜೀವಾಪಾಯದಲ್ಲಿರುವ ರೋಗಿ ಎಂದೇ ಯಹೂದಿ ಧರ್ಮಶಾಸ್ತ್ರ ಎಣಿಸುತ್ತದೆ. ಸುಮಾರು 1,800 ವರ್ಷಗಳ ಹಿಂದೆ ಸಂಕಲಿತವಾದ ಮಿಶ್ನಾ ಎಂಬ ಗ್ರಂಥವೇ ಸಬ್ಬತ್ತಿನ ದಿನ ಹೆರಿಗೆ ಮಾಡಿಸಬಹುದು, ಬೇರೆ ಊರಿನಿಂದ ಸೂಲಗಿತ್ತಿಯನ್ನು ಕರೆಸಬಹುದು, ಹೊಕ್ಕುಳಬಳ್ಳಿ ಕಟ್ಟಬಹುದು ಎನ್ನುತ್ತದೆ. ಅದರ ಮೇಲಿನ ಚರ್ಚೆಯಾದ ತಾಲ್ಮುಡ್ ಇನ್ನೂ ಮುಂದೆ ಹೋಗುತ್ತದೆ: ಹೆರುವವಳು ಕುರುಡಿಯಾಗಿದ್ದರೂ ಅವಳಿಗಾಗಿ ದೀಪ ಹಚ್ಚಬಹುದು, ಏಕೆಂದರೆ ದೀಪ ಇದೆ, ನೋಡಿಕೊಳ್ಳುವವರಿಗೆ ಎಲ್ಲ ಕಾಣುತ್ತಿದೆ ಎಂಬ ಧೈರ್ಯ ಅವಳಿಗೆ ಬೇಕು. ಲಾಂದ್ರದ ಬೆಳಕಿನಲ್ಲಿ, ಮೊಬೈಲಿನ ಬೆಳಕಿನಲ್ಲಿ ಹೆರಿಗೆ ಮಾಡಿಸಿದ ನನಗೆ ಈ ಮಾತು ಕೇಳಿ ಒಂದು ಕ್ಷಣ ಬರೆಯುವ ಕೈ ನಿಂತಿತು. ಹೆರಿಗೆಯ ನಂತರವೂ ಲೆಕ್ಕವಿದೆ. ಮೊದಲ ಮೂರು ದಿನ ಅವಳು ಕೇಳಲಿ, ಬಿಡಲಿ, ಅವಳಿಗೆ ಬೇಕಾದುದಕ್ಕಾಗಿ ಸಬ್ಬತ್ತನ್ನು ಮೀರಬಹುದು. ಏಳನೆಯ ದಿನದವರೆಗೆ ತನಗೆ ಬೇಕು ಎಂದು ಅವಳು ಹೇಳಿದರೆ ಮೀರಬಹುದು. ಮೂವತ್ತು ದಿನಗಳವರೆಗೆ ಅವಳನ್ನು ಜೀವಾಪಾಯವಿಲ್ಲದ ರೋಗಿಯಂತೆ ಕಾಣಬೇಕು. ಆದ್ದರಿಂದ ಗಂಟೆ ಒತ್ತಲು ಹಿಂಜರಿಯುವ ಹೊಸ ಬಾಣಂತಿಗೆ, ರಕ್ತಸ್ರಾವ ಹೆಚ್ಚಾದರೆ ಒತ್ತಲೇಬೇಕು, ಅದಕ್ಕೆ ನಿಮ್ಮ ಧರ್ಮದಲ್ಲೇ ಅನುಮತಿ ಇದೆಯಲ್ಲವೇ ಎಂದು ಶುಕ್ರವಾರವೇ ಮಾತನಾಡಿಟ್ಟುಕೊಳ್ಳುವುದು ನರ್ಸಿನ ಕೆಲಸ.

ಮಧ್ಯಾಹ್ನದ ಅವಧಿ ಗಂಡನ ಕುರಿತಾಗಿತ್ತು. ಹೆರಿಗೆ ನೋವು ಒಂದು ಹಂತ ಮುಟ್ಟಿದ ಮೇಲೆ, ಅಥವಾ ರಕ್ತ ಕಾಣಿಸಿದ ಮೇಲೆ, ಆಚಾರವಂತ ಗಂಡ ಹೆಂಡತಿಯನ್ನು ಮುಟ್ಟುವುದಿಲ್ಲ. ಕೈ ಹಿಡಿಯುವುದಿಲ್ಲ, ಬೆನ್ನು ತಿಕ್ಕುವುದಿಲ್ಲ, ನೀರಿನ ಲೋಟವನ್ನು ಕೈಯಿಂದ ಕೈಗೆ ಕೊಡುವುದೂ ಇಲ್ಲ. ಇದನ್ನು ತಿಳಿಯದ ನರ್ಸ್ ಅವನನ್ನು ಕಲ್ಲುಹೃದಯದವನು ಎಂದುಕೊಂಡು, ಬನ್ನಿ, ಹೆಂಡತಿಯ ಕೈ ಹಿಡಿದುಕೊಳ್ಳಿ ಎಂದು ಒತ್ತಾಯಿಸಿದರೆ ಇಬ್ಬರನ್ನೂ ಸಂಕಟಕ್ಕೆ ನೂಕಿದಂತೆ. ಬೆನ್ನು ತಿಕ್ಕಲು ತಾಯಿಯೋ ಅಕ್ಕನೋ ಹೆರಿಗೆಯ ಜೊತೆಗಾತಿಯೋ ಇರುತ್ತಾರೆ. ಯಾರೂ ಇಲ್ಲದಿದ್ದರೆ ಆ ಕೈ ನರ್ಸಿನದೇ ಆಗಬೇಕು. ಕೈಪಿಡಿ ಇಲ್ಲಿ ಎಡವಿದೆ. ಗಂಡ ಹೆರಿಗೆ ಕೋಣೆಯಲ್ಲಿ ಇರಬಾರದು ಎಂದು ಅದರಲ್ಲಿ ಅಚ್ಚಾಗಿದೆ. ವಾಸ್ತವದಲ್ಲಿ ಅದು ಆಯಾ ದಂಪತಿಗೆ, ಅವರು ಸಲಹೆ ಕೇಳುವ ರಬ್ಬಿಗೆ, ಅಂದರೆ ಯಹೂದಿ ಧರ್ಮಗುರುವಿಗೆ, ಬಿಟ್ಟದ್ದು. ಎಷ್ಟೋ ಮಂದಿ ಹೆಂಡತಿಯ ತಲೆಯ ಕಡೆಗೆ ನಿಂತು, ಪರದೆಯಾಚೆ ದೃಷ್ಟಿ ಹಾಯಿಸದೆ, ಬೈಬಲ್ಲಿನ ಕೀರ್ತನೆಗಳನ್ನು ಓದುತ್ತಿರುತ್ತಾರೆ. ಶಿಕ್ಷಕಿ ಅದನ್ನು ಬಾಯಿಮಾತಿನಲ್ಲಿ ತಿದ್ದಿದರು, ಆದರೆ ಮನೆಗೆ ಹೋದ ಮೇಲೆ ಉಳಿಯುವುದು ಅಚ್ಚಾದ ಪುಟ. ನಮ್ಮ ವಾರ್ಡುಗಳಲ್ಲಿ ಗಂಡಂದಿರನ್ನು ಗೇಟಿನ ಹೊರಗೆ ನಿಲ್ಲಿಸಿ ಮೂರು ದಶಕ ಕಳೆದ ನಾನು ಬೇರೆಯವರ ಗಂಡ ದೂರ ನಿಂತದ್ದನ್ನು ಕುರಿತು ತೀರ್ಪು ಕೊಡಲು ತಕ್ಕವಳಲ್ಲ ಎಂಬುದೂ ಆಗ ಹೊಳೆಯಿತು.

ಮೈಲಿಗೆಯ ಲೆಕ್ಕ ಬಂದಾಗ ತರಗತಿಯಲ್ಲಿ ನಗು ಎದ್ದಿತು. ಬೈಬಲ್ಲಿನ ಯಾಜಕಕಾಂಡದ 12ನೆಯ ಅಧ್ಯಾಯದಲ್ಲಿ ಗಂಡು ಹೆತ್ತವಳಿಗೆ 7 ಮತ್ತು 33, ಒಟ್ಟು 40 ದಿನ. ಹೆಣ್ಣು ಹೆತ್ತವಳಿಗೆ 14 ಮತ್ತು 66, ಒಟ್ಟು 80 ದಿನ. ಇಂದಿನ ಆಚರಣೆಯಲ್ಲಿ ರಕ್ತ ಪೂರ್ತಿ ನಿಂತ ಮೇಲೆ ಏಳು ಶುದ್ಧ ದಿನಗಳನ್ನು ಎಣಿಸಿ, ಮಿಕ್ವೆ ಎಂಬ ಸ್ನಾನಕೊಳದಲ್ಲಿ ಮುಳುಗೆದ್ದ ನಂತರವೇ ಗಂಡ ಹೆಂಡಿರ ನಡುವಿನ ಸ್ಪರ್ಶ ಮರಳುತ್ತದೆ. ಹಾಗಾಗಿ ರಕ್ತ ಎಂದು ನಿಂತಿತು, ಹೊಲಿಗೆಯಿಂದ ಬಂದದ್ದೋ ಗರ್ಭಕೋಶದಿಂದ ಬಂದದ್ದೋ ಎಂಬಂಥ ಪ್ರಶ್ನೆಗಳನ್ನು ಈ ಬಾಣಂತಿಯರು ನರ್ಸಿನ ಬಳಿ ಬಹಳ ಖಚಿತವಾಗಿ ಕೇಳುತ್ತಾರೆ. ಉತ್ತರವೂ ಅಷ್ಟೇ ಖಚಿತವಾಗಿರಬೇಕು. ನಕ್ಕ ಹುಡುಗಿಯರ ಮನೆಗಳಲ್ಲಿ ಪುರುಡು ಎಂಬ ಶಬ್ದ ಇಂದಿಗೂ ಸತ್ತಿಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನಸೂತಕವನ್ನೂ ಸೇರಿಸಿ ಪಂಚಸೂತಕಗಳನ್ನು ತಳ್ಳಿಹಾಕಿದ ನಾಡು ನಮ್ಮದು. ಆದರೂ ಹಡೆದವಳನ್ನು ಹನ್ನೊಂದು ದಿನ ಮೂಲೆಯ ಕೋಣೆಯಲ್ಲಿ ಕೂರಿಸುವ ಲಿಂಗಾಯತ ಮನೆಗಳನ್ನು ನಾನು ಬಲ್ಲೆ. ನಗುವ ಮೊದಲು ನಮ್ಮ ಹಿತ್ತಲನ್ನೊಮ್ಮೆ ನೋಡಿಕೊಳ್ಳಬೇಕಿತ್ತು. ಶಿಕ್ಷಕಿ ಸುಮ್ಮನೆ ಕಾದರು, ನಗು ನಿಂತ ಮೇಲೆ ಮುಂದುವರಿಸಿದರು, ನಾನಾಗಿದ್ದರೆ ಗದರಿಸುತ್ತಿದ್ದೆ.

ಎರಡನೆಯ ದಿನ ಯುವ ಶಿಕ್ಷಕರದು. ಆಹಾರದ ಪಾಠ ನಡೆಯಿತು, ಸುಮಾರಾಗಿತ್ತು. ಮಾಂಸವನ್ನೂ ಹಾಲನ್ನೂ ಒಟ್ಟಿಗೆ ಉಣ್ಣುವುದಿಲ್ಲ, ಅವುಗಳ ಪಾತ್ರೆಗಳೂ ಬೇರೆ ಬೇರೆ, ಹಂದಿ ಮತ್ತು ಚಿಪ್ಪಿನ ಜಲಚರಗಳು ನಿಷಿದ್ಧ ಎಂಬುದೆಲ್ಲ ಸರಿ. ಆದರೆ ಸಂದೇಹ ಬಂದರೆ ಸಸ್ಯಾಹಾರ ಕೊಟ್ಟುಬಿಡಿ ಎಂದು ಅವರು ಹೇಳಿದ್ದು ಸಾಲದು. ಕಾಯಿಪಲ್ಯವಾದರೂ ಬೆಂದದ್ದು ಯಾವ ಪಾತ್ರೆಯಲ್ಲಿ, ಸೊಪ್ಪಿನಲ್ಲಿ ಹುಳ ನೋಡಿದ್ದಾರೆಯೇ, ಚೀಸ್ ಯಾವುದು ಎಂಬ ಪ್ರಶ್ನೆಗಳು ಉಳಿದೇ ಉಳಿಯುತ್ತವೆ. ಅದಕ್ಕಾಗಿಯೇ ಕೋಷರ್ ಊಟ, ಅಂದರೆ ಯಹೂದಿ ನಿಯಮದಂತೆ ತಯಾರಾದ ಊಟ, ಮೊಹರು ಹಾಕಿದ ಪೊಟ್ಟಣದಲ್ಲಿ ಬರುತ್ತದೆ, ಎರಡು ಸುತ್ತು ಮುಚ್ಚಿದಂತೆಯೇ ಬಿಸಿಯಾಗುತ್ತದೆ, ಮತ್ತು ಆ ಮೊಹರನ್ನು ಒಡೆಯುವ ಹಕ್ಕು ಉಣ್ಣುವವಳದು. ಉಪಕಾರ ಮಾಡಲು ಹೋಗಿ ನರ್ಸ್ ಅದನ್ನು ಬಿಚ್ಚಿ ವಾರ್ಡಿನ ತಟ್ಟೆಗೆ ಸುರಿದರೆ ಊಟ ಕೆಟ್ಟಂತೆ. ನಮ್ಮ ಊರಿನ ಜೈನ ಮನೆಯ ಬಾಣಂತಿಗೆ ಈರುಳ್ಳಿ ಹುರಿದ ಬಾಣಲೆಯಲ್ಲೇ ಉಪ್ಪಿಟ್ಟು ಮಾಡಿ, ಇದರಲ್ಲಿ ಈರುಳ್ಳಿ ಇಲ್ಲ ತಿನ್ನಮ್ಮ ಎಂದರೆ ಅವಳು ತಟ್ಟೆಯನ್ನು ಸರಿಸುವುದಿಲ್ಲವೇ? ಈ ಒಂದು ಉದಾಹರಣೆ ಸಾಕಿತ್ತು. ಬದಲಿಗೆ ಪರದೆಯ ಮೇಲೆ ಮೀನುಗಳ ಚಿತ್ರಗಳನ್ನು ಇಪ್ಪತ್ತು ನಿಮಿಷ ನೋಡಿದೆವು.

ಇನ್ನು ನನ್ನ ದೂರು. ಕೈಪಿಡಿಯ 14ನೆಯ ಪುಟದಲ್ಲಿ, ಯಹೂದಿ ರೋಗಿಗಳು ರಕ್ತ ಪಡೆಯುವುದಿಲ್ಲ, ಹೆರಿಗೆಯ ನಂತರ ರಕ್ತಸ್ರಾವವಾದರೆ ರಕ್ತ ಏರಿಸುವ ಮೊದಲು ಲಿಖಿತ ನಿರಾಕರಣೆ ಇದೆಯೇ ನೋಡಿ ಎಂದು ಬರೆದಿದೆ. ಇದು ಪೂರ್ತಿ ತಪ್ಪು. ರಕ್ತ ಪಡೆಯಲು ನಿರಾಕರಿಸುವವರು ಯೆಹೋವನ ಸಾಕ್ಷಿಗಳು. ಅದು 19ನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಮೂಲದ ಪಂಥ, ರಕ್ತ ಪಡೆಯಬಾರದೆಂಬ ಅವರ ನಿಲುವು 1945ರಿಂದ ಬಂದದ್ದು. ಯಹೂದಿಗಳಿಗೆ ನಿಷಿದ್ಧವಾದದ್ದು ರಕ್ತವನ್ನು ಉಣ್ಣುವುದು. ಆ ಕಾರಣಕ್ಕೆ ಮಾಂಸವನ್ನು ನೆನೆಸಿ, ಉಪ್ಪು ಹಚ್ಚಿ, ರಕ್ತ ಬಸಿದು ಅಡುಗೆ ಮಾಡುತ್ತಾರೆ. ನರದ ಮೂಲಕ ರಕ್ತ ಪಡೆಯುವುದಕ್ಕೆ ಅಡ್ಡಿಯಿಲ್ಲ, ಜೀವ ಉಳಿಯಲು ಬೇಕಾದರೆ ಅದು ಕರ್ತವ್ಯ. ಹಿಂದಿನ ದಿನವಷ್ಟೇ ಜೀವರಕ್ಷಣೆಗೆ ಸಬ್ಬತ್ತೂ ತಲೆಬಾಗುತ್ತದೆ ಎಂದು ಕಲಿಸಿದ ತರಗತಿಯಲ್ಲಿ ಮರುದಿನ ಈ ವಾಕ್ಯವನ್ನು ಗಟ್ಟಿಯಾಗಿ ಓದಿಸಿದರು. ಹೆಸರುಗಳ ಧ್ವನಿ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಯಾರೋ ಎರಡನ್ನೂ ಬೆರೆಸಿಬಿಟ್ಟಿದ್ದಾರೆ.

ಈ ತಪ್ಪಿನ ತೂಕ ಎಷ್ಟೆಂದು ಹೆರಿಗೆ ವಾರ್ಡಿನಲ್ಲಿ ನಿಂತವರಿಗೆ ಗೊತ್ತು. ಸಹಜ ಹೆರಿಗೆಯ ನಂತರ 500 ಮಿಲಿಲೀಟರ್ ಮೀರಿ ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವ ಎನ್ನುತ್ತೇವೆ, ಮತ್ತು ಗರ್ಭಕೋಶ ಬಿಗಿಯಾಗದೆ ಸಡಿಲವಾಗಿ ಉಳಿದರೆ ಅಷ್ಟು ರಕ್ತ ಹೋಗಲು ಕೆಲವೇ ನಿಮಿಷ ಸಾಕು. ಆ ನಿಮಿಷಗಳಲ್ಲಿ ಒಬ್ಬ ನರ್ಸ್ ರಕ್ತನಿಧಿಗೆ ಓಡುವ ಬದಲು, ಇವರ ಧರ್ಮದಲ್ಲಿ ರಕ್ತ ಆಗುವುದಿಲ್ಲವಲ್ಲ ಎಂದು ಕಾಗದ ಹುಡುಕುತ್ತ ನಿಂತರೆ ಆ ತಾಯಿಯ ಗತಿ ಏನು? ನಾನು ಎದ್ದು ನಿಂತು ಇದನ್ನು ಹೇಳಿದಾಗ ಯುವ ಶಿಕ್ಷಕರು ವಿನಯದಿಂದಲೇ, ಮುಂದಿನ ಮುದ್ರಣದಲ್ಲಿ ಪರಿಶೀಲಿಸುತ್ತೇವೆ ಎಂದರು. ಪರಿಶೀಲನೆಗೆ ಏನೂ ಉಳಿದಿಲ್ಲ, ಈಗಲೇ ಎಲ್ಲರೂ ಪೆನ್ನಿನಿಂದ ಹೊಡೆದುಹಾಕಲಿ ಎಂದು ನಾನು ಹಟ ಹಿಡಿದೆ. ಹತ್ತೊಂಬತ್ತು ಪ್ರತಿಗಳಲ್ಲಿ ಆ ಸಾಲು ಹೊಡೆದುಹೋಯಿತು. ಎರಡು ತಿಂಗಳ ನಂತರ ಸೇಡಂನ ಒಬ್ಬ ಹುಡುಗಿ ಅದೇ ತರಗತಿ ಮುಗಿಸಿ ಬಂದಾಗ ಅವಳ ಕೈಪಿಡಿ ತೆರೆದು ನೋಡಿದೆ. 14ನೆಯ ಪುಟ ಇದ್ದ ಹಾಗೆಯೇ ಇತ್ತು.

ಕೈಪಿಡಿಯಲ್ಲಿ ಇಲ್ಲದ ಇನ್ನೊಂದು ಮುಖ್ಯ ವಿಷಯ ನಮ್ಮ ಹುಡುಗಿಯರ ಕೆಲಸಕ್ಕೇ ಸಂಬಂಧಿಸಿದ್ದು. ಇಲ್ಲಿ ನರ್ಸಿಂಗ್ ಓದಿದವಳು ನರ್ಸೂ ಹೌದು, ಸೂಲಗಿತ್ತಿಯೂ ಹೌದು ಎಂದು ನೋಂದಣಿಯಾಗುತ್ತದೆ. ಬ್ರಿಟನ್ನಿನಲ್ಲಿ ಅವೆರಡೂ ಬೇರೆ ವೃತ್ತಿಗಳು, ನೋಂದಣಿಯೂ ಬೇರೆ. ಇಲ್ಲಿಂದ ಹೋಗುವವರು ಸಾಮಾನ್ಯವಾಗಿ ವಯಸ್ಕರ ನರ್ಸ್ ಎಂದು ನೋಂದಣಿಯಾಗುತ್ತಾರೆ, ಹೆರಿಗೆ ಮಾಡಿಸುವ ಅಧಿಕಾರ ಅದರಿಂದ ಬರುವುದಿಲ್ಲ. ಅವರು ಈ ತಾಯಂದಿರನ್ನು ಕಾಣುವುದು ಬಾಣಂತಿಯರ ವಾರ್ಡಿನಲ್ಲಿ, ಆಪರೇಷನ್ ಥಿಯೇಟರಿನಲ್ಲಿ, ಅದರ ನಂತರದ ಕೋಣೆಯಲ್ಲಿ, ಹಸುಗೂಸುಗಳ ಘಟಕದಲ್ಲಿ. ಹಾಗಿರುವಾಗ ನೋವಿನ ಹಂತಗಳಿಗೆ ಕೊಟ್ಟ ಸಮಯವನ್ನು ಥಿಯೇಟರಿಗೆ ಕೊಡಬೇಕಿತ್ತು. ಮದುವೆಯಾದ ಆಚಾರವಂತ ಯಹೂದಿ ಹೆಂಗಸು ಕೂದಲನ್ನು ಬಟ್ಟೆಯಿಂದಲೋ ವಿಗ್ ಧರಿಸಿಯೋ ಮುಚ್ಚಿರುತ್ತಾಳೆ. ಸಿಸೇರಿಯನ್‌ಗೆ ಒಯ್ಯುವಾಗ ಅದನ್ನು ತೆಗೆಯುವ ಮುನ್ನ ಥಿಯೇಟರಿನ ಟೋಪಿ ಕೈಯಲ್ಲಿ ಸಿದ್ಧವಿರಬೇಕು, ಕೋಣೆಯಲ್ಲಿ ಗಂಡಸರು ಇರಬಾರದು. ಕೈಪಿಡಿ ಇದನ್ನು ಎರಡು ಸಾಲಿನಲ್ಲಿ ಮುಗಿಸಿದೆ.

ಆ ಎರಡು ಸಾಲು ಓದುವಾಗ ನನಗೆ ನೆನಪಾದದ್ದು ಲಂಡನ್ನಲ್ಲ, ಆಳಂದ ಕಡೆಯ ಒಬ್ಬ ಹೆಣ್ಣುಮಗಳು. ನಾನು ನೌಕರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮಗುವಿನ ಎದೆಬಡಿತ ಇಳಿಯುತ್ತಿದೆ, ತಕ್ಷಣ ಸಿಸೇರಿಯನ್ ಎಂದರು. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿ ಯಂತ್ರ ಬಳಸುವಾಗ ಮೈಮೇಲೆ ಲೋಹ ಇರಬಾರದು, ಇದ್ದರೆ ಅಲ್ಲಿ ಚರ್ಮ ಸುಡುವ ಅಪಾಯವಿದೆ. ಬಳೆ, ಕಾಲುಂಗುರ, ತಾಳಿ ಎಲ್ಲ ತೆಗೆಸುವುದು ನನ್ನ ಕೆಲಸ. ಅವಳ ಕೊರಳಿನಲ್ಲಿ ಬೆಳ್ಳಿಯ ಕರಡಿಗೆ ಇತ್ತು. ಅವಳು ಬೇಡವೆಂದು ಕೈ ಅಡ್ಡ ಹಿಡಿದರೂ ಶಿವದಾರ ಕತ್ತರಿಸಿ, ಇಷ್ಟಲಿಂಗವಿದ್ದ ಆ ಕರಡಿಗೆಯನ್ನು ಬಳೆಗಳ ಜೊತೆಗೇ ಕಿಡ್ನಿ ಟ್ರೇಗೆ ಹಾಕಿದೆ. ಮಗು ಉಳಿಯಿತು, ತಾಯಿಯೂ ಉಳಿದಳು. ಐದು ದಿನ ಅವಳು ನನ್ನ ಪಾಳಿಯಲ್ಲಿ ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡಳು, ಒಂದು ಮಾತೂ ಆಡಲಿಲ್ಲ. ನಾನೂ ಲಿಂಗವಂತರ ಮನೆಯವಳೇ. ಇಷ್ಟಲಿಂಗ ಮೈಬಿಟ್ಟು ಅಗಲಬಾರದೆಂದು ನನಗೆ ಯಾರೂ ತರಗತಿಯಲ್ಲಿ ಕಲಿಸಬೇಕಾಗಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಕಂಡುಕೊಂಡ ದಾರಿ ಬಹಳ ಸರಳ: ಬೆಳ್ಳಿಯ ಕರಡಿಗೆಯನ್ನು ಮಾತ್ರ ಮನೆಯವರ ಕೈಗೆ ಕೊಟ್ಟು, ಲಿಂಗವನ್ನು ಅವಳ ಕೈಯಿಂದಲೇ ಶುದ್ಧವಾದ ಗಾಜ್ ಬಟ್ಟೆಯಲ್ಲಿ ಸುತ್ತಿಸಿ, ಶಸ್ತ್ರಕ್ರಿಯೆಯ ಜಾಗದಿಂದ ದೂರ ಮೇಲ್ದೋಳಿಗೆ ಪಟ್ಟಿಯಿಂದ ಕಟ್ಟುವುದು. ಅರ್ಧ ನಿಮಿಷದ ಕೆಲಸ. ಅದಕ್ಕೆ ಮೊದಲು ಇದನ್ನು ಏನು ಮಾಡೋಣವ್ವಾ ಎಂದು ಕೇಳಬೇಕು, ಅಷ್ಟೇ. ಹಸುಗೂಸಿನ ಕಿವಿಯಲ್ಲಿ ಅಜಾನ್ ಹೇಳಲು ಬಂದ ಅಜ್ಜನನ್ನು ಭೇಟಿಯ ಸಮಯ ಮುಗಿಯಿತೆಂದು ವಾಪಸು ಕಳಿಸಿದ್ದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಬೀದರಿನ ಶಿಕ್ಷಕಿಯ ಪಾಠ ಬೇರೆಯದಾಗಿ ಕಂಡದ್ದು ಇದೇ ಕಾರಣಕ್ಕೆ. ಅವರು ಪ್ರತಿ ನಿಯಮದ ಕೊನೆಗೆ ಇಬ್ಬರು ಬಾಣಂತಿಯರನ್ನು ತಂದು ನಿಲ್ಲಿಸುತ್ತಿದ್ದರು: ಒಬ್ಬಳು ಸಬ್ಬತ್ತಿನಂದು ಗಂಟೆ ಮುಟ್ಟದವಳು, ಪಕ್ಕದ ಮಂಚದಲ್ಲಿ ಇನ್ನೊಬ್ಬ ಯಹೂದಿ, ಶುಕ್ರವಾರ ರಾತ್ರಿ ಫೋನಿನಲ್ಲಿ ಸಿನಿಮಾ ನೋಡುವವಳು. ಹೆಸರು ನೋಡಿ ಕೋಷರ್ ತಟ್ಟೆ ಇಟ್ಟರೆ ಎರಡನೆಯವಳಿಗೆ ಸಿಟ್ಟು ಬರುತ್ತದೆ, ಕೇಳದೆ ಮಾಮೂಲಿ ತಟ್ಟೆ ಇಟ್ಟರೆ ಮೊದಲನೆಯವಳು ಉಪವಾಸ ಬೀಳುತ್ತಾಳೆ. ಕೈಪಿಡಿಯ 32 ಪುಟಗಳಲ್ಲಿ "ಕೇಳಿ" ಎಂಬ ಪದ ಎಷ್ಟು ಕಡೆ ಇದೆ ಎಂದು ಅಣ್ಣನ ಮಗಳು ಎಣಿಸಿದಳು. ನಾಲ್ಕು ಕಡೆ. "ಮಾಡಬಾರದು" ಎಂಬುದನ್ನು ಎಣಿಸುವ ಗೋಜಿಗೆ ಅವಳು ಹೋಗಲಿಲ್ಲ.

ಮಗುವಿನ ಕುರಿತ ಕೊನೆಯ ಅವಧಿಯನ್ನು ಮತ್ತೆ ಬೀದರಿನವರೇ ತೆಗೆದುಕೊಂಡರು, ಮತ್ತೆ ಹಾದಿ ಹತ್ತಿತು. ಗರ್ಭಿಣಿಗೆ ಅವರು ಅಭಿನಂದನೆ ಹೇಳುವುದಿಲ್ಲ, ಶುಭ ಗಳಿಗೆಯಲ್ಲಿ ಆಗಲಿ ಎಂದು ಹಾರೈಸುತ್ತಾರೆ. ಹೆರಿಗೆಗೆ ಮೊದಲೇ ತೊಟ್ಟಿಲು, ಬಟ್ಟೆ ಮನೆಗೆ ತರುವುದನ್ನು ಅನೇಕರು ತಪ್ಪಿಸುತ್ತಾರೆ. ಹಾಗಾಗಿ ಬರಿಗೈಯಲ್ಲಿ ಬಂದ ತಾಯಿಯನ್ನು ನಿರ್ಲಕ್ಷ್ಯದವಳೆಂದು ಕೇಸ್ ಶೀಟಿನಲ್ಲಿ ಬರೆಯಬಾರದು. ಖಾಲಿ ತೊಟ್ಟಿಲು ತೂಗಬೇಡ ಎಂದು ಗದರಿಸುವ ಅಜ್ಜಿಯರಿರುವ ನಮಗೆ ಇದು ಹೊಸತೇನಲ್ಲ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಅಂದೇ ಹೆಸರು. ಹೆಣ್ಣುಮಗುವಿನ ಹೆಸರನ್ನು ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದಲ್ಲಿ ತೋರಾ ಎಂಬ ಧರ್ಮಗ್ರಂಥ ಓದುವಾಗ ಸಾರುತ್ತಾರೆ. ಅದಕ್ಕೂ ಮೊದಲು ಮಗುವಿನ ಹೆಸರೇನು ಎಂದು ಪದೇ ಪದೇ ಕೇಳುವುದು ಸರಿಯಲ್ಲ. ಕಾಮಾಲೆ ಇರುವ ಮಗುವಿಗೆ ಸುನ್ನತಿಯನ್ನು ಮುಂದೂಡುತ್ತಾರೆ, ಆದ್ದರಿಂದ ಕಾಮಾಲೆಯ ಮಟ್ಟ ತೋರಿಸುವ ಬಿಲಿರುಬಿನ್ ಎಷ್ಟಿದೆ ಎಂದು ತಂದೆ ದಿನಕ್ಕೆರಡು ಸಲ ವಿಚಾರಿಸಿದರೆ ಅದನ್ನು ಕಿರಿಕಿರಿ ಎಂದುಕೊಳ್ಳದೆ ಅಂಕಿ ಹೇಳಬೇಕು. ಶನಿವಾರ ಬಿಡುಗಡೆ ಮಾಡಿದರೆ ಸಹಿ ಹಾಕಲಾಗದು, ವಾಹನ ಹತ್ತಲಾಗದು. ಶುಕ್ರವಾರ ಮಧ್ಯಾಹ್ನದೊಳಗೆ ಕಳಿಸಬೇಕು, ಇಲ್ಲವೇ ರಾತ್ರಿಯವರೆಗೆ ಮಂಚ ಬಿಟ್ಟುಕೊಡಬೇಕು.

ಒಟ್ಟು ಲೆಕ್ಕ ಹೇಳುವುದಾದರೆ, ಮೊದಲ ದಿನಕ್ಕೆ 2,800 ರೂಪಾಯಿ ಕೊಟ್ಟರೂ ನಷ್ಟವಿಲ್ಲ, ಎರಡನೆಯ ದಿನದ ಬೆಳಗನ್ನು ಪುಕ್ಕಟೆ ಕೊಟ್ಟರೂ ಬೇಡ. ಲಂಡನ್ ಅಥವಾ ಮ್ಯಾಂಚೆಸ್ಟರಿಗೆ ಹೊರಟವರು ಸೇರಬಹುದು. ಇಸ್ರೇಲಿಗೆ ವೃದ್ಧರ ಆರೈಕೆಗೆ ಹೋಗುವವರಿಗೆ ಸಬ್ಬತ್ತಿನ ಮತ್ತು ಊಟದ ಪಾಠ ಬಿಟ್ಟರೆ ಉಳಿದದ್ದು ಉಪಯೋಗಕ್ಕೆ ಬಾರದು. ಸೇರುವವರು ಬೀದರಿನ ಶಿಕ್ಷಕಿ ಆ ವಾರ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ, ಮತ್ತು ಹಣ ಕೊಡುವ ಮುನ್ನ ಕೈಪಿಡಿಯನ್ನು ಕೇಳಿ ಪಡೆದು 14ನೆಯ ಪುಟ ತೆರೆಯಿರಿ. ರಕ್ತದ ಸಾಲು ಅಲ್ಲೇ ಇದ್ದರೆ ಪೆನ್ನು ತೆಗೆದು ಹೊಡೆದುಹಾಕಿ, ಪಕ್ಕದಲ್ಲಿ ಕುಳಿತವಳಿಗೂ ತೋರಿಸಿ.